ಅಂಕದಾಚೆ ನೋಡಲಿ, ಆದರೆ ಬಾಯಿ ನೋಡಿ ಅಲ್ಲ

ಸಿಇಟಿ ರ‍್ಯಾಂಕ್ ಬಂದಾಗಿನಿಂದ ನಮ್ಮ ಸಾಗರದ ಕಡೆ ಯಾರ ಮನೆ ಜಗಲಿ ಹತ್ತಿದರೂ ಇದೇ ಮಾತು. "ಬರೀ ಮಾರ್ಕ್ಸ್ ನೋಡಿ ಸೀಟು ಕೊಡೋದು ನಿಲ್ಬೇಕು ಮಾರಾಯ್ರೆ. ಅಮೆರಿಕದಲ್ಲಿ ಪ್ರಬಂಧ ಬರೆಸ್ತಾರಂತೆ, ಹವ್ಯಾಸ ಕೇಳ್ತಾರಂತೆ." ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಈ ಪೋಸ್ಟ್.

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವನು. ಮಳೆ ಹಿಡಿಯುವ ಮುಂಚೆ ಒಬ್ಬಳು ವಿದ್ಯಾರ್ಥಿನಿಯ ತೋಟಕ್ಕೆ ಹೋಗಿದ್ದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಗಡಿಬಿಡಿ. ಅವಳೇ ಮೈಲುತುತ್ತದ (ತಾಮ್ರದ ಸಲ್ಫೇಟಿನ) ನೀರನ್ನು ಸುಣ್ಣದ ನೀರಿಗೆ ಸುರಿದು, ಕೋಲಲ್ಲಿ ತಿರುವಿ, ಕತ್ತಿಯ ಅಲಗು ಅದ್ದಿ ತೆಗೆದಳು. ಅಲಗಿಗೆ ಕೆಂಪು ಹತ್ತಿತ್ತು. "ಸುಣ್ಣ ಸಾಲ್ದು ಸರ್, ಹಿಂಗೇ ಹೊಡೆದ್ರೆ ಎಳೆಕಾಯಿ ಸುಟ್ಟುಹೋಗ್ತದೆ." ಕಬ್ಬಿಣದ ಮೇಲೆ ತಾಮ್ರ ಕೂರುವ ಇದೇ ಕ್ರಿಯೆಯನ್ನು ನಾನು ಬೋರ್ಡಿನ ಮೇಲೆ ಸಮೀಕರಣ ಬರೆದು ಕೊಲ್ಲುತ್ತೇನೆ. 80 ನಿಮಿಷಕ್ಕೆ 60 ಪ್ರಶ್ನೆಯ ಪತ್ರಿಕೆಯಲ್ಲಿ ಅವಳ ಈ ಕೈಗೆ ಜಾಗವಿಲ್ಲ, ನಿಜ. ಆದರೆ ಮೂವರು ಮಹನೀಯರೆದುರು ಕೂರಿಸಿ "ನಿನ್ನ ಆಸಕ್ತಿ ಏನಮ್ಮ?" ಅಂದರೆ ಇದೇ ಹುಡುಗಿ ಸೆರಗಿನ ತುದಿ ತಿರುವುತ್ತಾ ಕೂರುತ್ತಾಳೆ. ಸೀಟು ಪಟಪಟ ಇಂಗ್ಲಿಷ್ ಮಾತಾಡುವ ಡಾಕ್ಟರ ಮಗನಿಗೆ.

ಸಂದರ್ಶನವೇನೂ ಹೊಸ ಔಷಧಿಯಲ್ಲ. ಮೈಸೂರು ರಾಜ್ಯದ ಕಾಲದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಂದರ್ಶನದ ಅಂಕವಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ ಎಲ್ಲಕ್ಕೂ ಲೆಕ್ಕ. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತ್ತು ಕೂಡ. ಆದರೆ 1980ಕ್ಕೆ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣ ಬಂತು. ಅಲ್ಲಿ ಮೂರನೇ ಒಂದು ಪಾಲು ಅಂಕ ಸಂದರ್ಶನಕ್ಕೆ, ಸಂದರ್ಶನ ಎರಡು ಮೂರು ನಿಮಿಷ! ಶೇ. 15ಕ್ಕಿಂತ ಹೆಚ್ಚು ಇಡಬಾರದು ಎಂದಿತು ಅದೇ ಕೋರ್ಟು. ಇನ್ನು ಅಮೆರಿಕದ ಕಥೆ. 1920ರ ದಶಕದಲ್ಲಿ ಹಾರ್ವರ್ಡ್ ಅರ್ಜಿದಾರರ "ಚಾರಿತ್ರ್ಯ" ನೋಡತೊಡಗಿದ್ದರ ಹಿಂದೆ, ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ಹುಡುಗರನ್ನು ಕಡಿಮೆ ಮಾಡುವ ಉದ್ದೇಶವಿತ್ತು.

ಹಾಗಾದರೆ ಏನು ಮಾಡೋದು? ಕೇಳುವುದನ್ನು ಬಿಟ್ಟು ಮಾಡಿಸಿ ನೋಡಿ. ಆರ್ಕಿಟೆಕ್ಚರ್‌ಗೆ ನಾಟಾ ಎಂಬ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಸುತ್ತಾರೆ. ನಮ್ಮ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಬಿಎಸ್ಸಿ ಕೃಷಿಗೆ ಕೃಷಿಕರ ಕೋಟಾದಲ್ಲಿ ಹೋಗುವವರಿಗೆ ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ ಯಾವುದು, ಸಲಕರಣೆ ಯಾವುದು ಗುರುತಿಸಬೇಕು. ಅದಕ್ಕೂ ಈಗ ಕೋಚಿಂಗ್ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಬೀಜ ತುಂಬಿ, ಚೀಟಿ ಅಂಟಿಸಿ ಬಾಯಿಪಾಠ ಮಾಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಗುರುತಿಸುವುದಕ್ಕೆ ನಿಲ್ಲಿಸಿದರೆ ಅಷ್ಟೇ ಆಗುವುದು. ಬಿತ್ತಿಸಿ, ಕಸಿ ಕಟ್ಟಿಸಿ ನೋಡಲಿ.

ಲಕ್ಷಾಂತರ ಮಕ್ಕಳಿಗೆ ಇದೆಲ್ಲ ಆಗುವ ಹೋಗುವ ಮಾತಾ ಅಂತ ಕೇಳುತ್ತೀರಿ. ಎಲ್ಲರಿಗೂ ಬೇಡ. ಎಂಜಿನಿಯರಿಂಗಿನಲ್ಲಿ ಹತ್ತರಲ್ಲೊಂದು ಸೀಟಿಗೆ ಶುರು ಮಾಡಲಿ. ಕೆಟ್ಟ ಮಿಕ್ಸಿ, ಸ್ಕ್ರೂಡ್ರೈವರ್, ಅರ್ಧ ಗಂಟೆ. ಹೆಸರಿಲ್ಲ, ಬರೀ ನಂಬರು. ರಿಪೇರಿ ಆಗದಿದ್ದರೂ ಎಲ್ಲಿಂದ ಹುಡುಕಲು ಹೊರಟ ಎಂಬುದಕ್ಕೆ ಅಂಕ. ಇದಕ್ಕೂ ಕೋಚಿಂಗ್‌ನವರು ಅಂಗಡಿ ತೆರೆಯುತ್ತಾರೆ, ಗೊತ್ತು. ತೆರೆಯಲಿ ಬಿಡಿ, ಆ ನೆವದಲ್ಲಾದರೂ ಹುಡುಗರು ನಾಲ್ಕು ಮಿಕ್ಸಿ ಬಿಚ್ಚುತ್ತಾರೆ.