ರಾತ್ರಿ ಹನ್ನೊಂದಕ್ಕೆ ಡ್ಯೂಟಿಗೆ ಬರುವ ವೈರಸ್

ವಿಜ್ಞಾನಿಗಳು ಏನೇ ಹೇಳಲಿ, ಕರ್ನಾಟಕದ ಕೊರೊನಾ ವೈರಸ್ಸಿಗೆ ಗಡಿಯಾರ ನೋಡಲು ಬರುತ್ತಿತ್ತು. ಇದಕ್ಕೆ ಸರ್ಕಾರಿ ದಾಖಲೆಯೇ ಇದೆ.

2020ರ ಡಿಸೆಂಬರ್ 23. ಬ್ರಿಟನ್ನಿನಲ್ಲಿ ಹೊಸ ತಳಿ ಕಾಣಿಸಿಕೊಂಡ ಗಾಬರಿಯ ದಿನಗಳು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಘೋಷಿಸಿದರು: ಇವತ್ತಿನಿಂದಲೇ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ. ಆದೇಶ ಹೊರಬೀಳುವಷ್ಟರಲ್ಲಿ 'ಇವತ್ತು' ಹೋಗಿ 'ನಾಳೆ' ಆಗಿತ್ತು. 10 ಹೋಗಿ 11 ಆಗಿತ್ತು, 6 ಹೋಗಿ 5 ಆಗಿತ್ತು. ವೈರಸ್ಸಿನ ಡ್ಯೂಟಿಯಲ್ಲಿ ಎರಡು ಗಂಟೆ ಕಡಿತ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಬಾ ಅಂತ ಹೇಳಿದರೋ ಏನೋ.

ಆಮೇಲೆ ವಿನಾಯಿತಿಗಳು. ಬಸ್ಸು ಓಡಬಹುದು. ರೈಲು, ವಿಮಾನ ಓಡಬಹುದು. ಟಿಕೆಟ್ ತೋರಿಸಿದರೆ ಆಟೊ, ಟ್ಯಾಕ್ಸಿಯಲ್ಲಿ ಮನೆಗೆ ಹೋಗಬಹುದು. ಲಾರಿಗಳಿಗೆ ಅಡ್ಡಿಯಿಲ್ಲ. 24ರ ಮಧ್ಯರಾತ್ರಿ ಕ್ರಿಸ್‌ಮಸ್ ಪ್ರಾರ್ಥನೆಗೂ ಅಡ್ಡಿಯಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೆ ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ಉಳಿಯುವವರು ಯಾರು? ಬೀದಿನಾಯಿಗಳು. ಅವು ಮೊದಲೇ ಮಾಸ್ಕ್ ಹಾಕುತ್ತಿರಲಿಲ್ಲ.

'ಕೊರೊನಾ ರಾತ್ರಿ ಮಾತ್ರ ಬರುತ್ತಾ ಸ್ವಾಮಿ?' ಅಂತ ಟೀ ಅಂಗಡಿಯಿಂದ ಟಿವಿ ಸ್ಟುಡಿಯೊವರೆಗೆ ಎಲ್ಲರೂ ಕೇಳಿದರು. ಡಿಸೆಂಬರ್ 24ರಂದು, ಕರ್ಫ್ಯೂ ಶುರುವಾಗಲು ಕೆಲವೇ ಗಂಟೆ ಬಾಕಿ ಇರುವಾಗ, ಆದೇಶವೇ ವಾಪಸ್. ಸಾರ್ವಜನಿಕರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟಿದ್ದೇವೆ ಅಂದರು. ಒಂದೂವರೆ ದಿನದಲ್ಲಿ ಹುಟ್ಟಿ, ಸಮಯ ಬದಲಿಸಿಕೊಂಡು, ಒಂದು ರಾತ್ರಿಯನ್ನೂ ನೋಡದೆ ಕಣ್ಣು ಮುಚ್ಚಿದ ರಾತ್ರಿ ಕರ್ಫ್ಯೂ ಅದು. ಕೋವಿಡ್ ಕಾಲದಲ್ಲಿ ಅಂತ್ಯಕ್ರಿಯೆಗೆ ಹಾಕಿದ್ದ 20 ಜನರ ಮಿತಿಯನ್ನೂ ಅದು ಮೀರಲಿಲ್ಲ.

ಇಲ್ಲಿ ಒಂದು ಹಳೆಯ ಆದೇಶ ನೆನಪಿಸಿಕೊಳ್ಳಬೇಕು. ಅದೇ ವರ್ಷ ಮಾರ್ಚ್ ಕೊನೆಗೆ, ಮನೆಯಲ್ಲಿ ಕ್ವಾರಂಟೈನ್ ಆದವರೆಲ್ಲ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್ ಮೂಲಕ ಸರ್ಕಾರಕ್ಕೆ ಕಳಿಸಬೇಕು ಅಂತ ಅಪ್ಪಣೆಯಾಗಿತ್ತು. ತಪ್ಪಿದರೆ ಸರ್ಕಾರಿ ಕ್ವಾರಂಟೈನ್ ಕೇಂದ್ರವೇ ಗತಿ. ಆದರೆ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೆಲ್ಫಿ ಬೇಡ, ಮಲಗುವ ಹೊತ್ತು! ಅಂದರೆ ಮಾರ್ಚ್‌ನಲ್ಲಿ ರಾತ್ರಿ ಹತ್ತಕ್ಕೆ ಮಲಗುತ್ತಿದ್ದ ವೈರಸ್, ಡಿಸೆಂಬರ್ ಹೊತ್ತಿಗೆ ರಾತ್ರಿ ಹನ್ನೊಂದಕ್ಕೆ ಏಳುವ ಅಭ್ಯಾಸ ಮಾಡಿಕೊಂಡಿತ್ತು. ಇದನ್ನು ರೂಪಾಂತರ ಅನ್ನದೆ ಇನ್ನೇನು ಅನ್ನೋಣ?

ಗಡಿಯಾರದ ಜೊತೆಗೆ ಅದಕ್ಕೆ ನಕ್ಷೆಯೂ ಗೊತ್ತಿತ್ತು. 2021ರ ಏಪ್ರಿಲ್ 10ರಿಂದ ರಾತ್ರಿ ಕರ್ಫ್ಯೂ ಬಂದ ಊರುಗಳು ಇವು: ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಬೀದರ್, ತುಮಕೂರು, ಉಡುಪಿ, ಮಣಿಪಾಲ. ಪಟ್ಟಿಯಲ್ಲಿ ಬೆಳಗಾವಿ ಇಲ್ಲ. ಬೀದರ್ ಇದೆ, ಬಸವಕಲ್ಯಾಣ ಇಲ್ಲ. ಮಸ್ಕಿಯೂ ಇಲ್ಲ. ಏಪ್ರಿಲ್ 17ರಂದು ಉಪಚುನಾವಣೆ ಇದ್ದದ್ದು ಎಲ್ಲೆಲ್ಲಿ? ಬೆಳಗಾವಿ, ಬಸವಕಲ್ಯಾಣ, ಮಸ್ಕಿ. ವೈರಸ್ ನೀತಿ ಸಂಹಿತೆ ಪಾಲಿಸುತ್ತಿತ್ತು. ನಮ್ಮ ಪಕ್ಷಗಳಿಗಿಂತ ವಾಸಿ ಬಿಡಿ.

ಮದುವೆ ವಿಷಯದಲ್ಲೂ ಅದಕ್ಕೆ ದಾಕ್ಷಿಣ್ಯ ಜಾಸ್ತಿ. 2020ರ ಮಾರ್ಚ್ 13ರಂದು ಮಾಲ್, ಚಿತ್ರಮಂದಿರ, ಅದ್ದೂರಿ ಮದುವೆ ಎಲ್ಲಕ್ಕೂ ಒಂದು ವಾರ ಬ್ರೇಕ್ ಅಂತ ಸಾರಿದ ಮುಖ್ಯಮಂತ್ರಿ, ಎರಡೇ ದಿನಕ್ಕೆ ಬೆಳಗಾವಿಯಲ್ಲಿ ತಮ್ಮದೇ ಪಕ್ಷದ ನಾಯಕರ ಮನೆಯ ದೊಡ್ಡ ಮದುವೆಯಲ್ಲಿ ಅಕ್ಷತೆ ಹಾಕುತ್ತಿದ್ದರು. ಅದೇ ವರ್ಷ ಏಪ್ರಿಲ್ 17ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಜೆಡಿಎಸ್‌ನ ಮಾಜಿ ಮುಖ್ಯಮಂತ್ರಿಯ ಮಗನ ಮದುವೆ ಬಿಡದಿಯ ತೋಟದ ಮನೆಯಲ್ಲಿ ನಡೆಯಿತು. 2022ರ ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಇದ್ದ ಭಾನುವಾರವೇ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಸಂಗಮದಿಂದ ಹೊರಟಿತು. ಕೋವಿಡ್ ಪರೀಕ್ಷೆಗೆ ಸ್ವ್ಯಾಬ್ ಕೊಡಿ ಅಂತ ಬಂದ ಅಧಿಕಾರಿಯನ್ನು ಡಿ.ಕೆ. ಶಿವಕುಮಾರ್ ವಾಪಸ್ ಕಳಿಸಿದರು. ಹೈಕೋರ್ಟ್ ಗದರಿದ ಮೇಲೆ ರಾಮನಗರದಲ್ಲಿ ಯಾತ್ರೆ ನಿಂತಿತು. ಮೂರು ಪಕ್ಷದವರೂ ಒಟ್ಟಿಗೆ ಒಪ್ಪಿದ ವಿಷಯ ಇದೊಂದೇ ಇರಬೇಕು: ನಿಯಮ ಇರುವುದು ಊರಿನವರಿಗೆ.

ಈ ಎಲ್ಲ ಆದೇಶಗಳ ಕೆಳಗೂ ಒಂದು ಸಾಲು ಖಾಯಂ: 'ತಜ್ಞರ ಸಲಹೆಯ ಮೇರೆಗೆ'. ಮದುವೆ ಕಾರ್ಡಿನಲ್ಲಿ 'ಗುರುಹಿರಿಯರ ಆಶೀರ್ವಾದದೊಂದಿಗೆ' ಅಂತ ಅಚ್ಚು ಹಾಕಿಸುತ್ತಾರಲ್ಲ, ಹಾಗೆ. ಹುಡುಗ ಯಾರು, ಛತ್ರ ಯಾವುದು, ಅಡುಗೆಯವರು ಯಾರು, ಯಾವುದನ್ನೂ ಆ ಗುರುಹಿರಿಯರನ್ನು ಕೇಳಿರುವುದಿಲ್ಲ. ಆದರೆ ಊಟಕ್ಕೆ ಉಪ್ಪು ಕಮ್ಮಿಯಾದರೆ ಎಲ್ಲರೂ ತಿರುಗಿ ನೋಡುವುದು ಅವರನ್ನೇ.

ರಾಜ್ಯಕ್ಕೊಂದು ತಾಂತ್ರಿಕ ಸಲಹಾ ಸಮಿತಿ ಇತ್ತು. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷರು. 2020ರ ನವೆಂಬರ್ ಕೊನೆಗೇ ಅವರು ಎರಡನೇ ಅಲೆ ಬರಬಹುದು, ತಯಾರಾಗಿ ಅಂತ ವರದಿ ಕೊಟ್ಟಿದ್ದರು. ಆ ಸಲಹೆಯ ಮೇರೆಗೆ ಏನೇನು ತಯಾರಾಯಿತು ಅನ್ನುವುದನ್ನು 2021ರ ಮೇ ತಿಂಗಳಲ್ಲಿ ಹಾಸಿಗೆಗಾಗಿ ಫೋನು ಹಿಡಿದು ಕೂತವರನ್ನು ಕೇಳಬೇಕು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಆ ರಾತ್ರಿಯ ಬಗ್ಗೆ ತಮಾಷೆ ಬರೆಯಲು ನನಗೆ ಕೈ ಬರುವುದಿಲ್ಲ.

ತಜ್ಞರೂ ಮಾತು ಬದಲಿಸಿದ್ದಾರೆ, ನಿಜ. ಆರೋಗ್ಯವಂತರಿಗೆ ಮಾಸ್ಕ್ ಬೇಡ ಅನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಬೇಕು ಅಂದಿತು. ಪ್ಲಾಸ್ಮಾ ಕೊಡಿ, ಪ್ಲಾಸ್ಮಾ ಕೊಡಿ ಅಂತ ಊರೆಲ್ಲ ಅಲೆದ ಮೇಲೆ 2021ರ ಮೇನಲ್ಲಿ ಅದನ್ನು ಚಿಕಿತ್ಸೆಯ ಪಟ್ಟಿಯಿಂದಲೇ ತೆಗೆದರು. ಹೊಸ ರೋಗ, ಹೊಸ ಪುರಾವೆ, ಹೊಸ ಸಲಹೆ. ಬದಲಾಗದಿದ್ದರೆ ಅವರು ತಜ್ಞರೇ ಅಲ್ಲ. ತೊಂದರೆ ಏನೆಂದರೆ, ಪುರಾವೆ ನೋಡಿ ಬದಲಾದ ಸಲಹೆ, ಯಾರದೋ ಫೋನು ಬಂದು ಬದಲಾದ ಆದೇಶ, ಎರಡೂ ಟಿವಿ ಪರದೆಯಲ್ಲಿ ಒಂದೇ ಥರ ಕಾಣುತ್ತಿದ್ದವು. ಎರಡಕ್ಕೂ ಅದೇ ಕೆಂಪು ಪಟ್ಟಿ, ಅದೇ ಡಬ್ಬಾ ಬಡಿಯುವ ಸಂಗೀತ, ಅದೇ 'ಟಫ್ ರೂಲ್ಸ್ ಜಾರಿ'. ಕೋವಿಶೀಲ್ಡ್ ಡೋಸುಗಳ ನಡುವಿನ ಅಂತರವನ್ನೇ ನೋಡಿ. ನಾಲ್ಕರಿಂದ ಆರು ವಾರ ಇದ್ದದ್ದು ಮೊದಲು ಆರರಿಂದ ಎಂಟಾಯಿತು. ಲಸಿಕೆಗೆ ತೀರಾ ಬರಗಾಲ ಬಂದ 2021ರ ಮೇನಲ್ಲಿ 12ರಿಂದ 16 ಆಯಿತು. ವಿಜ್ಞಾನದ ಆಧಾರ ಇತ್ತು ಅಂದರು. ಇದ್ದಿರಬಹುದು. ಆದರೆ ಲಸಿಕೆ ಖಾಲಿಯಾದ ದಿನವೇ ವಿಜ್ಞಾನಕ್ಕೆ ಜ್ಞಾನೋದಯ ಆದರೆ ಜನ ಹುಬ್ಬು ಏರಿಸುವುದಿಲ್ವಾ?

ಅಧಿಕಾರಿಗಳ ಉತ್ಸಾಹ ಇನ್ನೊಂದು ಕಡೆ. 2020ರ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ಪಾಲಿಕೆಯವರು ತಗಡು ಬಡಿದು ಹೋದರು. ಒಳಗೆ ಮಕ್ಕಳಿದ್ದರು, ವಯಸ್ಸಾದವರಿದ್ದರು. ಬೆಂಕಿ ಬಿದ್ದರೆ ಏನು ಗತಿ ಅಂತ ಕೂಗೆದ್ದ ಮೇಲೆ ತಗಡು ಕಿತ್ತರು, ಆಯುಕ್ತರು ಕ್ಷಮೆ ಕೇಳಿದರು. ಮುಂದಿನ ವರ್ಷದ ಮೇ ಲಾಕ್‌ಡೌನ್‌ನಲ್ಲಿ ಬೆಳಿಗ್ಗೆ 6ರಿಂದ 10ರೊಳಗೆ ತರಕಾರಿ ತನ್ನಿ, ಆದರೆ ನಡೆದೇ ಹೋಗಿ ಅಂದರು. ಸ್ಕೂಟರ್ ಹತ್ತಿದವರಿಗೆ ಲಾಠಿ ಬಿತ್ತು. ಆಮೇಲೆ ಹತ್ತಿರದ ಅಂಗಡಿಗಾದರೆ ಗಾಡಿ ಪರವಾಗಿಲ್ಲ ಅಂದರು. ಬೆನ್ನಿನ ಮೇಲಿನ ಬಾಸುಂಡೆಗೆ ಮಾತ್ರ ಪರಿಷ್ಕೃತ ಮಾರ್ಗಸೂಚಿ ಬರಲಿಲ್ಲ.

ಇನ್ನು ನಾವು. ನಮ್ಮನ್ನು ಬಿಟ್ಟರೆ ಅನ್ಯಾಯವಾದೀತು. 2020ರ ಮೇ 4ರಂದು ಮದ್ಯದಂಗಡಿ ತೆರೆದಾಗ ಬೆಳಗಿನ ಜಾವದಿಂದ ಸಾಲು ನಿಂತವರು ನಾವು. ಮೊದಲ ದಿನ 45 ಕೋಟಿ ರೂಪಾಯಿ ವ್ಯಾಪಾರ, ಮಾರನೇ ದಿನ 197 ಕೋಟಿ. ಆ ಸಾಲಿನಲ್ಲಿ ಯಾರೂ ತಜ್ಞರ ಸಲಹೆ ಕೇಳಲಿಲ್ಲ. ಲಸಿಕೆಯ ಒಳಗೆ ಏನಿದೆಯೋ ಅಂತ ಅನುಮಾನಿಸಿದ ಬಾಯಿಯೇ, ವಾಟ್ಸ್ಆ್ಯಪ್‌ನಲ್ಲಿ ಬಂದ ಕಷಾಯವನ್ನು ಒಳಗೆ ಏನಿದೆ ಅಂತ ಕೇಳದೆ ಲೋಟಗಟ್ಟಲೆ ಕುಡಿಯಿತು. ಮೂಗಿಗೆ ನಿಂಬೆರಸ ಬಿಟ್ಟುಕೊಂಡವರೂ ಇದ್ದರು. ಮೂವತ್ತು ವರ್ಷ ಸಾಂಕ್ರಾಮಿಕ ರೋಗ ಓದಿದ ಡಾಕ್ಟರ್ 'ಖಚಿತವಾಗಿ ಹೇಳಲಾಗದು' ಅಂದರೆ ಅವರಿಗೆ ಏನೂ ಗೊತ್ತಿಲ್ಲ. ಪಕ್ಕದ ಮನೆಯವರ ಭಾವಮೈದುನ 'ನೂರಕ್ಕೆ ನೂರು ಗ್ಯಾರಂಟಿ' ಅಂದರೆ ಅವರಿಗೆ ಎಲ್ಲ ಗೊತ್ತು.

ಕರ್ಫ್ಯೂಗಳೆಲ್ಲ ಮುಗಿದವು. ರೂಢಿ ಮುಗಿಯಲಿಲ್ಲ. ಹಾಸನದಲ್ಲಿ ಹೃದಯಾಘಾತದ ಸುದ್ದಿ ಸಾಲುಸಾಲಾಗಿ ಬಂದಾಗ, 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಜ್ಞರ ಸಮಿತಿಗೆ ವರದಿ ಕೊಡಿ ಅಂದರು. ವರದಿ ಬರುವ ಮೊದಲೇ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣ ಇರಬಹುದು ಅಂತ ತಾವೇ ಬರೆದರು. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರವನ್ನೂ ಕೊಡುವುದು ದೊಡ್ಡ ಮನಸ್ಸು. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಮಾತ್ರ ಆ ಉತ್ತರ ಕಾಪಿ ಹೊಡೆಯಲಿಲ್ಲ. ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಅಂತ ಹೇಳಿತು.

ಆ ವಾರ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಿಗ್ಗೆಯೇ ಜನವೋ ಜನ. ಗಾಬರಿ ಬೇಡ ಅಂತ ವೈದ್ಯರು ಹೇಳುತ್ತಿದ್ದರು. ಅವರ ಮಾತನ್ನು ನಂಬದವರು, ಅವರಿಂದಲೇ ಎದೆ ಪರೀಕ್ಷೆ ಮಾಡಿಸಿಕೊಳ್ಳಲು ಚೀಟಿ ಹಿಡಿದು ನಿಂತಿದ್ದರು.