ಟ್ರೇಲರನ್ನು ವೇ ಬ್ರಿಡ್ಜ್ ಹತ್ತಿಸಿ ನೋಡಿ

ದಾವಣಗೆರೆಯ ಹುಡುಗರು ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಲು ಒಂದು ಮಲಗುವ ಟ್ರೇಲರ್ ಮಾಡಿಸುತ್ತಿದ್ದಾರೆ. ಅಮೆರಿಕದಲ್ಲಿರುವ ನನಗೆ ಅದರ ನಕ್ಷೆ ಕಳಿಸಿದ್ದರು. ನೋಡಿ ಖುಷಿಯಾಯಿತು. ಬ್ರೇಕ್ ಎಲ್ಲಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ಮಾತ್ರ ಚುಚ್ಚಿತು: "ಟ್ರ್ಯಾಕ್ಟರ್ ಟ್ರೇಲರ್‌ಗೇ ಇಲ್ಲ, ಇದಕ್ಯಾಕ್ರೀ ಅಣ್ಣಾ ಬ್ರೇಕು?"

ನಮ್ಮ ಕಡೆ ಗಾಡಿ ಎಳೆಯುತ್ತದೆಯೋ ಇಲ್ಲವೋ ಅಷ್ಟೇ ನೋಡುತ್ತಾರೆ. ಮೆಕ್ಕೆಜೋಳ ಹೇರಿದ ಟ್ರೇಲರ್ ಎಪಿಎಂಸಿಗೆ ನಿಧಾನಕ್ಕೆ ಹೋಗುತ್ತದೆ, ಆದರೂ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ತಳ್ಳುತ್ತದೆ. ಇವರದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ 80ರ ವೇಗದಲ್ಲಿ ಓಡಬೇಕು. ಇಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ. ದಾಟಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಡ್ರೈವರ್ ಬ್ರೇಕ್ ತುಳಿದ ಕೂಡಲೇ ಸ್ಟೀರಿಂಗ್ ಪಕ್ಕದ ಕಂಟ್ರೋಲರ್, ಟ್ರೇಲರ್ ಚಕ್ರದ ಡ್ರಮ್ಮಿನಲ್ಲಿರುವ ಮ್ಯಾಗ್ನೆಟ್‌ಗೆ ಕರೆಂಟ್ ಕಳಿಸುತ್ತದೆ. ಟ್ರೇಲರ್ ಕಳಚಿಕೊಂಡರೆ ಒಂದು ತಂತಿ ಸ್ವಿಚ್ಚಿನ ಪಿನ್ ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಬೀಳುತ್ತದೆ. ನನ್ನ ಮಟ್ಟಿಗೆ, ತೂಕ ಎಷ್ಟೇ ಇರಲಿ, ಇವೆರಡೂ ಇಲ್ಲದ ಮಲಗುವ ಟ್ರೇಲರನ್ನು ಹೆದ್ದಾರಿಗೆ ತರಲೇಬಾರದು.

ಬ್ರೇಕಿಗಿಂತ ಹೆಚ್ಚು ಕಾಡಿದ್ದು ನೀರಿನ ಟ್ಯಾಂಕ್ ಇಟ್ಟ ಜಾಗ. ಅಡುಗೆ ಕಟ್ಟೆ ಹಿಂದೆ ಬಂತೆಂದು 100 ಲೀಟರಿನ ಟ್ಯಾಂಕನ್ನೂ ಹಿಂದಕ್ಕೇ ಹಾಕಿದ್ದಾರೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಗಾಡಿಯ ಮುಂದಿನ ಉದ್ದ ಮರ, ಅಂದರೆ ಮೂಕಿ, ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಜೀಪಿನ ಕೊಂಡಿಯ ಮೇಲೆ ಕೂರಬೇಕು, ಇದೇ ಮುಂಭಾರ. ಟ್ರೇಲರ್ 1,200 ಕೆ.ಜಿ., ಮುಂಭಾರ 130 ಕೆ.ಜಿ. ಎಂದಿಟ್ಟುಕೊಳ್ಳಿ, ಸರಿಯಾಗಿಯೇ ಇದೆ. ಆಕ್ಸಲ್‌ನಿಂದ ಕೊಂಡಿ 3.5 ಮೀಟರ್ ಮುಂದೆ, ಟ್ಯಾಂಕ್ 1.4 ಮೀಟರ್ ಹಿಂದೆ. 100 ಕೆ.ಜಿ. ನೀರು ತುಂಬಿಸಿದರೆ ಕೊಂಡಿಯ ಮೇಲಿನ ಭಾರ 40 ಕೆ.ಜಿ. (100 × 1.4 ÷ 3.5) ಇಳಿಯುತ್ತದೆ. ಒಟ್ಟು ತೂಕ 1,300ಕ್ಕೆ ಏರಿ ಮುಂಭಾರ 90ಕ್ಕೆ ಬಂತು, ಶೇ. 7 ಕೂಡ ಉಳಿಯಲಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಹತ್ತಿರ ಅಡ್ಡಗಾಳಿ ಹೊಡೆದಾಗಲೋ, ಬಸ್ಸೊಂದು ರೊಯ್ಯನೆ ದಾಟಿಹೋದಾಗಲೋ ಟ್ರೇಲರ್ ಆ ಕಡೆ ಈ ಕಡೆ ತೂಗಾಡಲು ಶುರುಮಾಡುತ್ತದೆ. ಆಗ ಜೀಪಿನ ಬ್ರೇಕ್ ಜೋರಾಗಿ ತುಳಿದರೆ ಕೆಟ್ಟಿತು, ಟ್ರೇಲರ್ ಅಡ್ಡಕ್ಕೇ ತಿರುಗುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಕಂಟ್ರೋಲರನ್ನು ಕೈಯಿಂದ ಒತ್ತಿ ಟ್ರೇಲರಿನ ಬ್ರೇಕ್ ಮಾತ್ರ ಹಾಕಬೇಕು. ಟ್ಯಾಂಕ್ ಆಕ್ಸಲ್ ಮೇಲಕ್ಕೇ ಬರಲಿ.

ಇಲ್ಲಿ ಹೆದ್ದಾರಿ ಪಕ್ಕದ ಟ್ರಕ್ ತಂಗುದಾಣಗಳಲ್ಲಿ ಟ್ರೇಲರ್ ನಿಲ್ಲಿಸಿ ಯಾವ ಆಕ್ಸಲ್ ಮೇಲೆ ಎಷ್ಟು ಅಂತ ಜನ ತೂಗಿಸಿಕೊಳ್ಳುತ್ತಾರೆ. ದಾವಣಗೆರೆಯಲ್ಲಿ ವೇ ಬ್ರಿಡ್ಜಿಗೇನು ಬರವೇ? ಮಾಲಿನ ದುಡ್ಡಿಗಾಗಿ ದಿನವೂ ತೂಗುತ್ತೇವೆ, ಗಾಡಿಯ ಭಾರ ಎಲ್ಲಿ ಕೂತಿದೆ ಅಂತ ಒಂದು ದಿನವೂ ನೋಡುವುದಿಲ್ಲ. ನೀರು, ಸಿಲಿಂಡರ್, ಹಾಸಿಗೆ ಎಲ್ಲ ತುಂಬಿ, ಮೊದಲು ಟ್ರೇಲರನ್ನಷ್ಟೇ ಕಳಚಿಟ್ಟು ತೂಗಿಸಿ. ಆಮೇಲೆ ಜೀಪಿಗೆ ಕಟ್ಟಿ, ಜೀಪು ಪ್ಲಾಟ್‌ಫಾರ್ಮಿನ ಹೊರಗೆ, ಟ್ರೇಲರಿನ ಚಕ್ರ ಮಾತ್ರ ಒಳಗೆ ಇರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. 1,300 ಮತ್ತು 1,140 ಬಂದರೆ ವ್ಯತ್ಯಾಸ 160 ಕೆ.ಜಿ., ಅದೇ ಮುಂಭಾರ, ಶೇ. 12. ದೊಡ್ಡ ವೇ ಬ್ರಿಡ್ಜ್ 5 ಕೆ.ಜಿ. 10 ಕೆ.ಜಿ. ಲೆಕ್ಕದಲ್ಲಿ ಜಿಗಿಯುತ್ತದೆ, ಹಾಗಾಗಿ ಎರಡೆರಡು ಸಲ ನೋಡಿ. ಆ 160 ಕೆ.ಜಿ. ಜೀಪಿನ ಹೊರೆಯೂ ಹೌದು, ಒಳಗೆ ಎರಡು ಆಳು ಕಡಿಮೆ ಕೂರಬೇಕು.

ಗಟ್ಟಿತನದ ಮಾತು ಬಂದಾಗ ಇಲ್ಲಿಯದನ್ನು ಹೊಗಳಲು ಬಾಯಿ ಬರುವುದಿಲ್ಲ. ಅಗ್ಗದ ಟ್ರೇಲರ್‌ಗಳ ಗೋಡೆಯೆಂದರೆ ತೆಳು ಮರದ ಪಟ್ಟಿ, ಸ್ಟೇಪ್ಲರ್ ಪಿನ್ನು, ಮೇಲೊಂದು ಅಲ್ಯೂಮಿನಿಯಂ ತಗಡು. ಚಾವಣಿಯ ಅಂಚಿನ ಸೀಲೆಂಟ್ ಬಿರುಕು ಬಿಟ್ಟು ನೀರಿಳಿದರೆ, ಗೊತ್ತಾಗುವ ಹೊತ್ತಿಗೆ ಒಳಗಿನ ಮರ ಕೊಳೆತಿರುತ್ತದೆ. ಕೊಳ್ಳುವವರು ಮೂಲೆಗಳನ್ನೂ ಕಿಟಕಿಯ ಕೆಳಭಾಗವನ್ನೂ ಹೆಬ್ಬೆರಳಿಂದ ಒತ್ತಿ ನೋಡಬೇಕು, ಮೆತ್ತಗಿದ್ದರೆ ಬಿಟ್ಟು ಬರಬೇಕು. ಸ್ಕ್ಯಾಂಪ್ ಕಂಪನಿಯ ಟ್ರೇಲರ್‌ಗಳಂಥ, ಎರಡು ಫೈಬರ್‌ಗ್ಲಾಸ್ ಚಿಪ್ಪು ಕೂಡಿಸಿ ಮಾಡಿದವು ವಾಸಿ: ಜೋಡಣೆ ಕಡಿಮೆ, ಹಗುರ, ದಶಕಗಟ್ಟಲೆ ಬಾಳುತ್ತವೆ.

ನಮ್ಮೂರ ವರ್ಕ್‌ಶಾಪಿನ ಕಬ್ಬಿಣದ ಚಾಸಿಸ್ ಇಲ್ಲಿನ ಅಗ್ಗದ ಮಾಲಿಗಿಂತ ಗಟ್ಟಿ, ಒಪ್ಪಲೇಬೇಕು. ಮುರಿದರೂ ಹರಿಹರದಲ್ಲೋ ಹಿರಿಯೂರಲ್ಲೋ ಅವತ್ತೇ ವೆಲ್ಡಿಂಗ್ ಮಾಡಿಕೊಡುವವರು ಸಿಗುತ್ತಾರೆ. ಇಲ್ಲಿ ರಿಪೇರಿಗೆ ವಾರಗಟ್ಟಲೆ ಕಾಯಬೇಕು. ಆ ವೆಲ್ಡರ್‌ಗೆ ಎರಡು ಮಾತು ಹೇಳಿ ಸಾಕು. ಉದ್ದನೆಯ ಮುಖ್ಯ ಬೀಮಿನ ತಳಕ್ಕೆ ಅಡ್ಡಡ್ಡ ವೆಲ್ಡಿಂಗ್ ಎಳೆಯಬೇಡಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬಾಕ್ಸ್ ಪೈಪಿನ ತಳದಲ್ಲಿ ನೀರು ಹೋಗಲು ಸಣ್ಣ ತೂತು ಬಿಡಿ, ಹೊರಗೆ ಎಷ್ಟು ರೆಡ್ ಆಕ್ಸೈಡ್ ಬಳಿದರೂ ಪೈಪು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊಸ ಚಕ್ರ ಹಾಕಿದ ಮೇಲೆ ಮೊದಲ 80 ಕಿ.ಮೀ.ಗೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ಮಾಡಬೇಕು. ದಾವಣಗೆರೆಯಿಂದ ಬೆಂಗಳೂರಿನ ಕಡೆ ಹೊರಟರೆ, ಚಿತ್ರದುರ್ಗ ದಾಟಿ ಹಿರಿಯೂರು ಮುಟ್ಟುವ ಮೊದಲು.