ರಾಡ್ ಮುರಿದರೆ ಲೋಹವನ್ನಷ್ಟೇ ದೂರಬೇಡಿ

ಮುರಿದ ತೊಡೆಮೂಳೆ ಕೂಡಲೆಂದು ಅದರೊಳಗೆ ಹಾಕಿದ ರಾಡ್ ಮುರಿದರೆ ಲೋಹವೇ ಕಳಪೆ ಎಂದು ಲೇಖನವೊಂದರಲ್ಲಿ ಬರೆದಿರುವುದನ್ನು ಒಪ್ಪಲಾಗದು. ಹೆಚ್ಚಿನ ಸಲ ಅದು ಮುರಿಯುವುದು ಮೂಳೆ ಕೂಡದೇ ಉಳಿದಿದ್ದರಿಂದ. ಮಜ್ಜೆಯ ಕೊಳವೆಯಲ್ಲಿ ಕೂತ ರಾಡ್ ಇರುವುದು ಮೂಳೆಯ ಜೊತೆ ಭಾರ ಹಂಚಿಕೊಳ್ಳಲು. ಮೂಳೆ ಬೆಸೆಯದಿದ್ದರೆ ಪ್ರತಿ ಹೆಜ್ಜೆಗೂ ಅದೊಂದೇ ಬಾಗಿ ಬಾಗಿ ದಣಿಯುತ್ತದೆ, ಟೈಟಾನಿಯಂ ಆಗಲಿ ಸ್ಟೀಲ್ ಆಗಲಿ. ಸಾಮಾನ್ಯವಾಗಿ ತುಂಡಾಗುವುದು ಮೂಳೆಯ ಮುರಿತಕ್ಕೆ ಹತ್ತಿರವಿರುವ ಲಾಕಿಂಗ್ ಸ್ಕ್ರೂವಿನ (ರಾಡನ್ನು ಮೂಳೆಗೆ ಬಿಗಿಯುವ ತಿರುಪಿನ) ತೂತಿನಲ್ಲಿ: ಅಲ್ಲಿ ಲೋಹ ಕಡಿಮೆ, ಒತ್ತಡ ಹೆಚ್ಚು.

ದಪ್ಪವನ್ನಂತೂ ಲೇಖನ ಮುಟ್ಟಿಯೇ ಇಲ್ಲ. ಘನ ರಾಡಿನ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, 9 ಮಿ.ಮೀ. ಬದಲು 11 ಮಿ.ಮೀ. ಹಾಕಿದರೆ ಬಿಗಿತ ಎರಡು ಪಟ್ಟಿಗೂ ಹೆಚ್ಚು. ದಪ್ಪ ರಾಡ್ ಕೂರಲೆಂದೇ ರೀಮರಿನಿಂದ (ಮೂಳೆಯ ಒಳಗನ್ನು ಕೊರೆಯುವ ಉಪಕರಣ) ಅರ್ಧರ್ಧ ಮಿ.ಮೀ. ಹಿಗ್ಗಿಸುತ್ತ, ಕೊಳವೆಯನ್ನು ರಾಡಿಗಿಂತ 1ರಿಂದ 1.5 ಮಿ.ಮೀ. ಅಗಲ ಮಾಡುವುದು. ಮೊಂಡು ರೀಮರನ್ನು ಒತ್ತಿ ಓಡಿಸಿದರೆ ಶಾಖಕ್ಕೆ ಮೂಳೆಯೇ ಸಾಯಬಹುದು, ಈ ಎಚ್ಚರಿಕೆ ಲೇಖನದಲ್ಲಿ ಇರಲೇಬೇಕಿತ್ತು.

ಮುರಿದ ರಾಡ್ ಬದಲಿಸುವ ಮುನ್ನ ಸೋಂಕಿದೆಯೇ ಎಂದು ನೋಡಬೇಕು. ಸೋಂಕನ್ನು ಹಾಗೇ ಬಿಟ್ಟು ಹೊಸದನ್ನು ಹಾಕಿದರೆ ಮೂಳೆ ಮತ್ತೆ ಕೂಡದೆ ಅದೂ ಮುರಿಯಬಹುದು.